ಈ ವಯಸ್ಸಿನಲ್ಲಿ, ಯಾರಿಗಾಗಿ?

ಸೀರೆ ಅಂಗಡಿಯ ಮೆಟ್ಟಿಲು ಹತ್ತಿದ ಐವತ್ತರ ಆಸುಪಾಸಿನ ಹೆಂಗಸನ್ನು ಅಂಗಡಿಯ ಹುಡುಗ ಮೊದಲು ಕೇಳುವ ಪ್ರಶ್ನೆ “ಮಗಳಿಗಾ ಅಮ್ಮಾ?” ಎಂದು. “ಅಲ್ಲಪ್ಪ, ನನಗೇ” ಎಂದರೆ ಅವನ ಕೈ ತಾನಾಗಿಯೇ ಇನ್ನೊಂದು ಕಪಾಟಿನ ಕಡೆ ಹೋಗುತ್ತದೆ. ಅಲ್ಲಿಂದ ಇಳಿದು ಬರುವುದೆಲ್ಲ ಬೂದಿ ಬಣ್ಣ, ತಿಳಿ ಕಂದು, ಮಾಸಿದಂಥ ನೀಲಿ, ಸಣ್ಣ ಅಂಚು. ಹುಡುಗನಿಗೆ ಕೆಟ್ಟ ಉದ್ದೇಶವೇನೂ ಇಲ್ಲ. ಈ ವಯಸ್ಸಿನವರು ಕೊನೆಗೆ ಕೊಂಡುಹೋಗುವುದು ಯಾವುದನ್ನು ಎಂದು ಅವನು ದಿನವೂ ನೋಡಿ ಕಲಿತಿದ್ದಾನೆ. ಆಕೆ ಕಡುಗೆಂಪಿನದೊಂದನ್ನು ಮುಟ್ಟಿ ನೋಡುತ್ತಾಳೆ, ಮಡಿಕೆ ಬಿಡಿಸಿ ಹೆಗಲ ಮೇಲೆ ಹಾಕಿಕೊಳ್ಳುತ್ತಾಳೆ, ಕನ್ನಡಿಯತ್ತ ಒಮ್ಮೆ ಕಣ್ಣು ಹಾಯಿಸಿ, “ಈ ವಯಸ್ಸಿನಲ್ಲಿ ನನಗೆಂಥದ್ದು” ಎಂದು ತಾನೇ ಹೇಳಿ ಕೆಳಗಿಡುತ್ತಾಳೆ. ಬೇರೆ ಯಾರೂ ಬೇಡ ಎನ್ನುವ ಮೊದಲೇ.

“ಈ ವಯಸ್ಸಿನಲ್ಲಿ” ಎನ್ನುವ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ! ಗಂಡಸಿನ ವಿಷಯ ಬಂದಾಗ ಅದಕ್ಕೊಂದು ದೀರ್ಘ ಸೇರಿಕೊಳ್ಳುತ್ತದೆ: “ಈ ವಯಸ್ಸಿನಲ್ಲೂ ಎಷ್ಟು ಲಕ್ಷಣವಾಗಿದ್ದಾರೆ ನೋಡಿ.” ಐವತ್ತೈದರ ಗಂಡಸು ಮೀಸೆಗೆ ಬಣ್ಣ ಹಚ್ಚಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಅತ್ತರು ಪೂಸಿಕೊಂಡು ಮದುವೆ ಮನೆಗೆ ಬಂದರೆ ಅದು ಗತ್ತು. ಅವನ ಹೆಂಡತಿ ತುಸು ಗಾಢ ಬಣ್ಣ ಉಟ್ಟು ಬಂದರೆ ದೀರ್ಘ ಕಳಚಿ ಬೀಳುತ್ತದೆ: “ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ?” ಒಂದೇ ಒಂದು ಸ್ವರದ ವ್ಯತ್ಯಾಸ. ಅಲ್ಲಿ ಮೆಚ್ಚುಗೆ, ಇಲ್ಲಿ ತೀರ್ಪು. ತೀರ್ಪು ಕೊಡುವವರು ಗಂಡಸರೇ ಆಗಬೇಕೆಂದೇನೂ ಇಲ್ಲ. ಓರಗಿತ್ತಿ, ನಾದಿನಿ, ನೆರೆಮನೆಯವರು, ಕೆಲವೊಮ್ಮೆ ಹೆತ್ತ ಮಗಳು. ಕಾಲೇಜಿಗೆ ಹೋಗುವ ಮಗಳು “ಅಮ್ಮಾ, ನಮ್ಮ ಕಾಲೇಜಿಗೆ ಬರುವಾಗ ಅದನ್ನು ಉಟ್ಟುಕೊಂಡು ಬರಬೇಡ” ಎಂದಾಗ ತಾಯಿ ನಕ್ಕು ಸುಮ್ಮನಾಗುತ್ತಾಳೆ. ಸೀರೆ ಮತ್ತೆ ಕಪಾಟು ಸೇರುತ್ತದೆ.

ಹಾಗಾದರೆ ಸರಳತೆ ಒಂದು ಮೌಲ್ಯವಲ್ಲವೇ ಎಂದು ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಎಲ್ಲ ಧರ್ಮಗಳೂ ಆಡಂಬರವನ್ನು ಹಳಿದಿವೆ. ವಯಸ್ಸಾಗುತ್ತಾ ಬಂದಂತೆ ಮನುಷ್ಯ ಹೊರಗಿನದನ್ನು ಕಡಿಮೆ ಮಾಡಿಕೊಂಡು ಒಳಗಿನದರ ಕಡೆ ತಿರುಗುವುದು ಪಕ್ವತೆಯ ಲಕ್ಷಣವೆಂದು ನಾವೆಲ್ಲ ನಂಬಿದ್ದೇವೆ. ಹೀಗಿರುವಾಗ ನಡುವಯಸ್ಸಿನ ಹೆಂಗಸು ಬಣ್ಣ, ಒಡವೆ, ಹೂವು, ಕನ್ನಡಿ ಎಂದು ಕೂತರೆ ಅದನ್ನು ಮೆಚ್ಚಬೇಕೇ?

ಉತ್ತರ ಹುಡುಕುವ ಮೊದಲು ಎರಡು ಬಗೆಯ ತ್ಯಾಗವನ್ನು ಬೇರೆ ಮಾಡಿ ನೋಡಬೇಕು. ತನ್ನ ಕೈಯಲ್ಲಿದ್ದುದನ್ನು ತಾನೇ ಕೆಳಗಿಡುವುದು ಒಂದು. ಕೈಯಿಂದ ಕಿತ್ತುಕೊಂಡ ಮೇಲೆ ‘ಬಿಟ್ಟೆ’ ಎಂದುಕೊಳ್ಳುವುದು ಇನ್ನೊಂದು. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ಉಡುಗೆಯನ್ನೇ ಬಿಟ್ಟು ನಡೆದಳು. ಅದು ಆಕೆಯ ತೀರ್ಮಾನ, ಅದಕ್ಕೆ ಆಕೆ ಉತ್ತರವನ್ನೂ ಕೊಟ್ಟಳು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಓದಿದವರಿಗೆ ಇನ್ನೊಂದು ಬಗೆ ಗೊತ್ತು. ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಹೊತ್ತಿಗೆ ಒಂದಿಷ್ಟು ತಿಂದು ಬದುಕಿದ ಆಕೆಯ ನೆಮ್ಮದಿಗೆ ಊರೇ ಕೈಮುಗಿಯಿತು. ಆದರೆ ಅದನ್ನು ಆರಿಸಿಕೊಂಡವಳು ಅವಳಲ್ಲ. ಇದು ಅವಳಿಗೆ ಗೊತ್ತಿತ್ತು. ಆದ್ದರಿಂದಲೇ ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯ ಪರವಾಗಿ ನಿಂತು ಮಾತಾಡುವವಳೂ ಅದೇ ಫಣಿಯಮ್ಮ. ತನ್ನ ಮೇಲೆ ಹೇರಿದ್ದನ್ನು ಇನ್ನೊಬ್ಬಳಿಗೆ ಆದರ್ಶವೆಂದು ದಾಟಿಸದಿರುವ ಆ ಸೂಕ್ಷ್ಮ ನಮ್ಮಲ್ಲಿ ಎಷ್ಟು ಅತ್ತೆಯರಿಗಿದೆ?

ಹೆಣ್ಣಿನ ಅಲಂಕಾರ ಯಾರ ಸೊತ್ತು ಎಂಬುದನ್ನು ಸ್ವಲ್ಪ ಗಮನಿಸೋಣ. ಮದುಮಗಳ ಮೈಮೇಲಿನ ಚಿನ್ನ ಆಕೆಯದೆಂದು ಹೇಳುತ್ತೇವೆ. ಆದರೆ ಎಷ್ಟು ಪವನು ಎಂದು ನೆಂಟರು ಲೆಕ್ಕ ಹಾಕುವುದು ಅಪ್ಪನ ಯೋಗ್ಯತೆಯನ್ನು. ಮದುವೆಯಾದ ಮೇಲೆ ಆಕೆ ಉಡುವ ಸೀರೆ ಗಂಡನ ಸಂಪಾದನೆಯ ಜಾಹೀರಾತು. ಅವನು ದುಬೈಯಲ್ಲಿದ್ದರೆ ಬಳೆ ದಪ್ಪವಾಗಿರಲೇಬೇಕು, ಇಲ್ಲವಾದರೆ “ಅಲ್ಲಿ ಏನು ಮಾಡುತ್ತಿದ್ದಾನೆ?” ಎಂಬ ಪ್ರಶ್ನೆ ಬರುತ್ತದೆ. ಮಕ್ಕಳು ದೊಡ್ಡವರಾದಂತೆ ಈ ಚಿನ್ನ ಒಂದೊಂದಾಗಿ ಇಳಿಯುತ್ತದೆ. ಮಗನ ಫೀಸಿಗೆ ಸರ ಬ್ಯಾಂಕಿನಲ್ಲಿ, ಮಗಳ ಮದುವೆಗೆ ಬಳೆ ಕರಗಿ ಹೊಸ ಅಚ್ಚಿನಲ್ಲಿ. ಮಗಳನ್ನು ಕಳಿಸಿಕೊಟ್ಟ ರಾತ್ರಿ ತಾಯಿಯ ಕಿವಿಯಲ್ಲೊಂದು ಸಣ್ಣ ಓಲೆ ಉಳಿದರೆ ದೊಡ್ಡದು.

ಅಲ್ಲಿಗೆ ಒಂದು ಲೆಕ್ಕ ಮುಗಿಯಿತು. ಇನ್ನು ಆಕೆಯನ್ನು ತೋರಿಸಿ ಯಾರೂ ಸಂಬಂಧ ಕುದುರಿಸಬೇಕಾಗಿಲ್ಲ. ಆಕೆಯ ಸೆರಗಿನಲ್ಲಿ ಯಾರ ಪ್ರತಿಷ್ಠೆಯೂ ಇಲ್ಲ. ನಲವತ್ತೈದು ದಾಟಿದ ಹೆಂಗಸು ಒಂದು ಒಳ್ಳೆಯ ಸೀರೆ ಉಟ್ಟರೆ, ಬದುಕಿನಲ್ಲಿ ಮೊದಲ ಬಾರಿಗೆ ಬಹುಶಃ ಅದು ಆಕೆಯದೇ ಸೀರೆ. ನಮಗೆ ಇರಿಸುಮುರಿಸಾಗುವುದು ಇದಕ್ಕೇ ಎಂದು ನನ್ನ ಗುಮಾನಿ. “ಯಾರಿಗೆ ತೋರಿಸಲಿಕ್ಕೆ?” ಎಂದು ಇಪ್ಪತ್ತರ ಹುಡುಗಿಯನ್ನು ಕೇಳುವವರಿಗೂ ಉತ್ತರ ಗೊತ್ತಿರುತ್ತದೆ. ಐವತ್ತರವಳನ್ನು ಕೇಳಿದಾಗ “ಯಾರಿಗೂ ಅಲ್ಲ, ನನಗೆ ಇಷ್ಟ” ಎಂಬ ಉತ್ತರ ಬಂದರೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಅದನ್ನು ಬರೆಯಲು ಕಾಲಂ ಇಲ್ಲ.

ಧರ್ಮದ ಹೆಸರಿನಲ್ಲಿ ಈ ಮಾತನ್ನು ಮುಗಿಸಿಬಿಡುವವರು ನಮ್ಮ ನಡುವೆ ಹೆಚ್ಚು. ಅವರು ಒಮ್ಮೆ ಕುರ್‌ಆನಿನ ‘ಅನ್ನೂರ್’ ಅಧ್ಯಾಯದ 60ನೆಯ ಸೂಕ್ತವನ್ನು ನಿಧಾನವಾಗಿ ಓದಬೇಕು. ಮದುವೆಯ ನಿರೀಕ್ಷೆ ದಾಟಿದ ಹಿರಿಯ ಮಹಿಳೆಯರು ಪ್ರದರ್ಶನದ ಉದ್ದೇಶವಿಲ್ಲದೆ ಮೇಲುಡುಪನ್ನು ತೆಗೆದಿಟ್ಟರೆ ತಪ್ಪಿಲ್ಲ ಎಂದು ಅದು ರಿಯಾಯಿತಿ ಕೊಡುತ್ತದೆ. ಸಂಯಮ ಪಾಲಿಸಿದರೆ ಇನ್ನೂ ಒಳ್ಳೆಯದು ಎಂಬ ಮಾತೂ ಜೊತೆಗಿದೆ. ಇದನ್ನು ಶೃಂಗಾರದ ಪರವಾನಗಿ ಎಂದು ಓದುವುದು ಸರಿಯಲ್ಲ. ನಾನು ತೋರಿಸುತ್ತಿರುವುದು ದಿಕ್ಕನ್ನು ಮಾತ್ರ. ಗ್ರಂಥದಲ್ಲಿ ವಯಸ್ಸು ಏರಿದಂತೆ ಕಟ್ಟು ಸಡಿಲವಾಗುತ್ತದೆ. ನಮ್ಮ ಮನೆಗಳಲ್ಲಿ ವಯಸ್ಸು ಏರಿದಂತೆ ಕಟ್ಟು ಬಿಗಿಯಾಗುತ್ತದೆ. ಈ ಬಿಗಿ ಎಲ್ಲಿಂದ ಬಂತು?

ಹದೀಸ್ ಗ್ರಂಥಗಳಲ್ಲಿ ಬರುವ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಪ್ರವಾದಿ(ಸ)ಯವರು ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅವರ ಪತ್ನಿ ಉಮ್ಮು ಹಬೀಬಾ(ರ) ಅವರಿಗೆ ತಂದೆ ಅಬೂ ಸುಫ್ಯಾನ್ ತೀರಿಕೊಂಡ ಸುದ್ದಿ ಬಂತು. ಮೂರನೆಯ ದಿನ ಅವರು ಹಳದಿ ಸುಗಂಧ ದ್ರವ್ಯ ತರಿಸಿ ಕೆನ್ನೆಗೂ ತೋಳಿಗೂ ಸವರಿಕೊಂಡರು. ತನಗೆ ಈಗ ಇದರ ಅಗತ್ಯವೇನೂ ಇರಲಿಲ್ಲ, ಗಂಡನನ್ನು ಬಿಟ್ಟು ಬೇರೆ ಯಾರು ಸತ್ತರೂ ಮೂರು ದಿನಗಳಿಗಿಂತ ಹೆಚ್ಚು ಶೋಕ ಆಚರಿಸಬಾರದೆಂದು ಪ್ರವಾದಿಯವರು ಹೇಳಿದ್ದು ನೆನಪಿದೆ ಎಂದರು. ಗಂಡನಿಗಾದರೆ ನಾಲ್ಕು ತಿಂಗಳು ಹತ್ತು ದಿನ. ಆಗ ಉಮ್ಮು ಹಬೀಬಾ ಎಳೆಯ ಪ್ರಾಯದವರಲ್ಲ, ವಿಧವೆ, ತಂದೆಯನ್ನೂ ಕಳೆದುಕೊಂಡವರು. ಆದರೂ ಶೋಕಕ್ಕೆ ಕೊನೆ ಇದೆ ಎಂಬುದನ್ನು ಅವರು ಬಾಯಲ್ಲಿ ಹೇಳಿ ಸುಮ್ಮನಾಗಲಿಲ್ಲ, ಕೆನ್ನೆಗೆ ಹಚ್ಚಿ ತೋರಿಸಿದರು.

ನಮ್ಮಲ್ಲಿ ಇದ್ದತ್ ಮುಗಿದರೂ ಮುಗಿಯದ ಬಿಳುಪು ಎಷ್ಟು ಮನೆಗಳಲ್ಲಿದೆ! ಅದು ಧರ್ಮದ್ದಲ್ಲ, ನೆರೆಹೊರೆಯಿಂದ ಕಲಿತದ್ದು. ನೆರೆಹೊರೆಯವರು ಅದನ್ನು ಬಿಡುತ್ತಾ ಬಂದರೂ ನಾವು ಬಿಟ್ಟಿಲ್ಲ. ಅಹಂಕಾರದ ವಿಷಯಕ್ಕೂ ಹೀಗೆಯೇ. ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆ ಇಷ್ಟಪಡುವುದು ಅಹಂಕಾರವಾಗುತ್ತದೆಯೇ ಎಂದು ಒಬ್ಬರು ಕೇಳಿದಾಗ ಪ್ರವಾದಿಯವರು ಅಲ್ಲವೆಂದರು. ಅಹಂಕಾರವೆಂದರೆ ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ಕೀಳಾಗಿ ಕಾಣುವುದು ಎಂದು ವಿವರಿಸಿದರು. ಹಾಗೆ ನೋಡಿದರೆ ಐವತ್ತರ ಹೆಂಗಸಿನ ಕೆಂಪು ಸೀರೆಗಿಂತ, ಅದನ್ನು ನೋಡಿ ತುಟಿ ಕೊಂಕಿಸುವವರ ನೋಟಕ್ಕೆ ಆ ವಿವರಣೆ ಹೆಚ್ಚು ಹತ್ತಿರವಿದೆ.

ನಮ್ಮ ಅಜ್ಜಿಯರು ಈ ವಿಷಯದಲ್ಲಿ ನಮಗಿಂತ ನಿರಾಳವಾಗಿದ್ದರು. ಕರಾವಳಿಯ ಬ್ಯಾರಿ ಮನೆಗಳ ಹಳೆಯ ತಲೆಮಾರಿನವರನ್ನು ಕಂಡವರಿಗೆ ಗೊತ್ತು, ಕಿವಿಯ ಅಂಚಿನುದ್ದಕ್ಕೂ ತೂತು ಚುಚ್ಚಿಸಿ ಅಲಿಕತ್ತು ತೊಡುತ್ತಿದ್ದರು. ಹಲ್ಲು ಬಿದ್ದ ಮೇಲೂ ಕಿವಿ ಖಾಲಿ ಬಿಟ್ಟವರಲ್ಲ. ಎಲೆ ಅಡಿಕೆ ಜಗಿದು ಕೆಂಪಾದ ತುಟಿ, ಕೈಗೆ ಮದರಂಗಿ. “ಈ ವಯಸ್ಸಿನಲ್ಲಿ” ಎಂದು ಯಾರಾದರೂ ಕೇಳಿದ್ದರೆ ಕೇಳಿದವರ ವಯಸ್ಸನ್ನು ಮೊದಲು ವಿಚಾರಿಸುತ್ತಿದ್ದರೇನೋ!

ಬುರ್ಖಾದ ಮಾತಿಲ್ಲದೆ ಈ ಲೇಖನ ಮುಗಿಸಿದರೆ ಓದುಗರು ನನ್ನನ್ನು ಜಾಣೆ ಎನ್ನಬಹುದು, ಪ್ರಾಮಾಣಿಕಳು ಎನ್ನಲಾರರು. 2022ರಲ್ಲಿ ಉಡುಪಿಯಿಂದ ಹಬ್ಬಿದ ಹಿಜಾಬ್ ವಿವಾದ ನೆನಪಿದೆ. ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು. ಅಷ್ಟೂ ತಿಂಗಳು ಹೆಣ್ಣುಮಕ್ಕಳು ತಲೆಗೆ ಏನು ಹಾಕಿಕೊಳ್ಳಬೇಕೆಂದು ಟಿವಿಯಲ್ಲಿ ಚರ್ಚಿಸಿದವರಲ್ಲಿ ಗಂಡಸರ ಗಂಟಲೇ ದೊಡ್ಡದು, ಎರಡೂ ಕಡೆಯಲ್ಲಿ. ಕಾಲೇಜಿನ ಗೇಟಿನ ಹೊರಗೆ ನಿಂತಿದ್ದ ತಾಯಂದಿರನ್ನು ಯಾರೂ ಹೆಚ್ಚು ಕೇಳಲಿಲ್ಲ. ಮದುವೆಯ ಮರುದಿನ ಅತ್ತೆ ಕೈಗಿತ್ತ ಬುರ್ಖಾವನ್ನು ಮೂವತ್ತು ವರ್ಷ ತೊಟ್ಟವಳು ಅಲ್ಲಿದ್ದಳು. ನಲವತ್ತರ ಬಳಿಕ ಓದಿ, ಯೋಚಿಸಿ, ಮನೆಯವರು ಬೇಡವೆಂದರೂ ತಾನೇ ತೊಟ್ಟವಳೂ ಇದ್ದಿರಬೇಕು. ದೂರದಿಂದ ಎರಡೂ ಒಂದೇ ಕಪ್ಪು. ಒಳಗಿರುವ ಇಬ್ಬರ ಕಥೆ ಬೇರೆ ಬೇರೆ. ನಡುವಯಸ್ಸಿನಲ್ಲಿ ಒಬ್ಬಳು ತೊಡುವುದೂ, ಇನ್ನೊಬ್ಬಳು ತೆಗೆದಿಡುವುದೂ ಅವರವರ ವಿವೇಕದಿಂದ ಬಂದಿದ್ದರೆ ಎರಡಕ್ಕೂ ನನ್ನ ಸಮಾನ ಗೌರವವಿದೆ.

ಮನೆಯ ಕಾವಲು ಸಾಲದೆಂಬಂತೆ ಈಗ ಮಾರುಕಟ್ಟೆ ಬಂದಿದೆ. ಅದು ಹೇಳುವುದು ತದ್ವಿರುದ್ಧ: ಅಲಂಕರಿಸಿಕೊ, ಆದರೆ ವಯಸ್ಸು ಕಾಣಬಾರದು. ಬಿಳುಪೇ ಚೆಂದವೆಂದು 1975ರಿಂದ ಮಾರುತ್ತಾ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಸೇರಿಸಿಕೊಂಡಿತು. ಹೆಸರು ಬದಲಾಯಿತು, ಹೆಣ್ಣಿನ ಮುಖದಲ್ಲಿ ಏನೋ ಕೊರತೆ ಇದೆ ಎಂಬ ಪಾಠ ಹಾಗೇ ಉಳಿಯಿತು. ಸುಕ್ಕಿಗೊಂದು ಕ್ರೀಮು, ಕಣ್ಣಿನ ಕೆಳಗಿನ ಕಪ್ಪಿಗೊಂದು ಕ್ರೀಮು. ‘ಕಪ್ಪು ಮೆಹೆಂದಿ’ ಎಂದು ಮಾರುವ ಪುಡಿಗಳ ವಿಷಯದಲ್ಲಂತೂ ಎಚ್ಚರ ಬೇಕು. ಅಪ್ಪಟ ಮದರಂಗಿ ಕೊಡುವುದು ಕೇಸರಿಗೆಂಪು. ಕೂದಲನ್ನು ಕಡುಗಪ್ಪು ಮಾಡುವುದು ಸಾಮಾನ್ಯವಾಗಿ ಅದಕ್ಕೆ ಬೆರೆಸಿದ ಪಿಪಿಡಿ ಎಂಬ ರಾಸಾಯನಿಕ. ಕೆಲವರಿಗೆ ಅದರಿಂದ ತಲೆ ತುರಿಸಿ ಮುಖವೆಲ್ಲ ಬಾತುಕೊಳ್ಳುವುದುಂಟು. “ನಿನ್ನ ವಯಸ್ಸು ಮುಗಿಯಿತು” ಎನ್ನುವ ಅತ್ತೆಗೂ “ನಿನ್ನ ವಯಸ್ಸನ್ನು ಮುಚ್ಚು” ಎನ್ನುವ ಜಾಹೀರಾತಿಗೂ ಒಳಗೊಳಗೆ ಒಂದು ಒಪ್ಪಂದವಿದೆ. ಇಬ್ಬರಿಗೂ ಆ ವಯಸ್ಸು ನಾಚಿಕೆಯ ವಸ್ತು. ನರೆಗೂದಲನ್ನು ಬಾಚಿ, ಒಂದು ಎಳೆ ಮಲ್ಲಿಗೆ ಮುಡಿದು, ಕೆಂಪು ಸೀರೆ ಉಟ್ಟು ಹೊರಟವಳು ಇಬ್ಬರಿಗೂ ಅರ್ಥವಾಗಲಾರಳು.

ಇದೆಲ್ಲ ಉಂಡುಟ್ಟು ಸುಖವಾಗಿರುವವರ ಚಿಂತೆ ಎಂದು ಒಬ್ಬ ಗೆಳತಿ ಹೇಳಿದಳು. ನಾನು ಒಪ್ಪಲಿಲ್ಲ. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟಿ ಸಂಸಾರ ಎತ್ತಿದ ಹೆಂಗಸರನ್ನು ನೋಡಿ. ದಿನವಿಡೀ ಗೆರಸೆ ಮಡಿಲಲ್ಲಿಟ್ಟು, ಬೆನ್ನು ಬಗ್ಗಿಸಿ, ಎಲೆ ಕತ್ತರಿಸಿ, ಹೊಗೆಸೊಪ್ಪಿನ ಘಾಟು ಕುಡಿದವರು ಅವರು. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಕೊಡಲು ಹೊರಡುವಾಗ ಮುಖ ತೊಳೆದು, ಪೌಡರು ಹಚ್ಚಿ, ಇದ್ದುದರಲ್ಲಿ ಒಳ್ಳೆಯದನ್ನು ಉಟ್ಟು ಹೊರಡುತ್ತಿದ್ದರು. ಹಿಂದೂ, ಮುಸ್ಲಿಂ, ಕ್ರೈಸ್ತರೆನ್ನದೆ ಅದೊಂದು ಸಣ್ಣ ಮೆರವಣಿಗೆ. ಬ್ರಾಂಚಿನವನು ಬೀಡಿಗಳನ್ನು ಕಟ್ಟು ಬಿಚ್ಚಿ ಪರೀಕ್ಷಿಸಿ, ಸರಿಯಿಲ್ಲವೆಂದು ಒಂದಿಷ್ಟು ಬದಿಗೆ ತಳ್ಳುವಾಗ ಎದುರು ನಿಂತು ವಾದಿಸಬೇಕಲ್ಲ! ಮಾಸಿದ ಬಟ್ಟೆಯಲ್ಲಿ ನಿಂತರೆ ದನಿ ಏಳುವುದಿಲ್ಲ ಎಂಬುದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

2023ರ ಆಗಸ್ಟಿನಲ್ಲಿ ನಮ್ಮ ರಾಜ್ಯದಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಯಜಮಾನಿ ಎಂದರೆ ಹೆಚ್ಚಾಗಿ ಈ ನಡುವಯಸ್ಸಿನವಳೇ. ಆ ಹಣದಲ್ಲಿ ಮಗನಿಗೆ ಮೊಬೈಲು ಕೊಡಿಸಿದರೆ ತಾಯಿಯೆಂದರೆ ಹೀಗಿರಬೇಕು ಎಂದರು. ಮನೆಗೆ ಫ್ರಿಜ್ಜು ತಂದರೆ ಜಾಣೆ ಎಂದರು. ತನಗೊಂದು ಸೀರೆ, ಒಂದು ಜೊತೆ ಒಳ್ಳೆಯ ಚಪ್ಪಲಿ ತಂದುಕೊಂಡರೆ? “ಸರಕಾರದ ದುಡ್ಡು ಪೋಲು” ಎಂಬ ಮಾತು ಹೋಟೆಲಿನ ಚಹಾದ ಮೇಜಿನಿಂದ ಬಂತು. ಆ ಮೇಜಿನಲ್ಲಿ ದಿನಕ್ಕೆ ಎಷ್ಟು ಸಿಗರೇಟು ಸುಡುತ್ತದೆ ಎಂದು ಯಾರೂ ಲೆಕ್ಕ ಇಟ್ಟವರಲ್ಲ.

ದೇಹದ ಮಾತೂ ಇದೆ. ನಮ್ಮ ದೇಶದ ಹೆಂಗಸರಿಗೆ ಸುಮಾರು 46ರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಅದಕ್ಕೆ ಮುಂಚಿನ ಮತ್ತು ನಂತರದ ಕೆಲವು ವರ್ಷ ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು, ಬೆವರುವುದು, ನಿದ್ದೆ ಕೆಡುವುದು, ಸೊಂಟ ಅಗಲವಾಗುವುದು. ಹತ್ತು ವರ್ಷ ಹಿಂದಿನ ರವಿಕೆಯ ಒಳಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿಸುತ್ತಾ ಬಂದವಳಿಗೆ ಒಂದು ದಿನ ಬಿಚ್ಚಲು ಹೊಲಿಗೆಯೇ ಉಳಿಯುವುದಿಲ್ಲ. ಹೊಸ ಅಳತೆ ಕೊಡಲು ಸಂಕೋಚ. ಆಮೇಲೆ ನೈಟಿಯೇ ಗತಿ. ಬಾಗಿಲು ಬಡಿದರೆ ಹೆಗಲ ಮೇಲೊಂದು ಬೈರಾಸು. ನೈಟಿಯನ್ನು ನಾನು ಹಳಿಯುವುದಿಲ್ಲ, ನಮ್ಮ ಸೆಖೆಗೆ ಅದು ವರದಾನ. ಆದರೆ ಮನೆಯವರಿಗೆಲ್ಲ ಹಬ್ಬಕ್ಕೆ ಹೊಸ ಬಟ್ಟೆ ಹೊಲಿಸುವವಳು ತನ್ನ ಹೊಸ ಮೈಗೆ ಹೊಸ ಅಳತೆ ಕೊಡಲು ನಾಚುತ್ತಾಳಲ್ಲ, ಅಲ್ಲಿ ನನಗೆ ನೋವಾಗುತ್ತದೆ. ಹತ್ತಿಯ ಬಟ್ಟೆ, ಸಡಿಲ ತೋಳು, ಸರಿಯಾದ ಅಳತೆ ಕೊಟ್ಟ ಒಳಉಡುಪು: ಇವು ಶೋಕಿಯಲ್ಲ, ಔಷಧಿಯಷ್ಟೇ ಅಗತ್ಯ.

ಇನ್ನು ದನಿಯ ವಿಷಯ. ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ ‘ತುಂಗಭದ್ರ’ ಕಾದಂಬರಿ ಬಂದದ್ದು 1963ರಲ್ಲಿ. ಸಾರಾ ಅಬೂಬಕ್ಕರ್ ಹುಟ್ಟಿದ್ದು 1936ರಲ್ಲಿ ಕಾಸರಗೋಡಿನಲ್ಲಿ. ‘ಲಂಕೇಶ್ ಪತ್ರಿಕೆ’ಯಲ್ಲಿ ಅವರ ಬರಹ ಕಾಣಿಸಿಕೊಂಡದ್ದು 1981ರಲ್ಲಿ, ಆಮೇಲೆ ‘ಚಂದ್ರಗಿರಿಯ ತೀರದಲ್ಲಿ’. ಆಗ ಅವರು ನಾಲ್ವರು ಗಂಡುಮಕ್ಕಳ ತಾಯಿ. ಇಬ್ಬರೂ ನಲವತ್ತೈದರ ಹೊಸ್ತಿಲಲ್ಲಿ ಓದುಗರೆದುರು ಬಂದವರು. “ಈ ವಯಸ್ಸಿನಲ್ಲಿ ನನಗೆಂಥದ್ದು” ಎಂದು ಕಾಗದ ಮಡಚಿಟ್ಟಿದ್ದರೆ ಕನ್ನಡಕ್ಕೆ ಫಣಿಯಮ್ಮನೂ ಇರುತ್ತಿರಲಿಲ್ಲ, ಚಂದ್ರಗಿರಿಯ ನಾದಿರಾಳೂ ಇರುತ್ತಿರಲಿಲ್ಲ. ಮಹಿಳೆಯರ ಮಸೀದಿ ಪ್ರವೇಶದ ಹಕ್ಕಿನ ಪರ ಮಾತಾಡಿದ್ದಕ್ಕೆ 2000ದಲ್ಲಿ ಬಹಿಷ್ಕಾರ ಎದುರಿಸಿದಾಗ ಬಾನು ಮುಷ್ತಾಕ್ ಅವರಿಗೆ ಐವತ್ತು ದಾಟಿತ್ತು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಎಪ್ಪತ್ತೇಳು.

ಬರೆಯುವುದಕ್ಕೂ ಉಡುವುದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸೀರೆಯಿಂದ ಯಾರೂ ಲೇಖಕಿಯಾಗುವುದಿಲ್ಲ, ಸರಿ. ಆದರೆ ನಾನು ಗಮನಕ್ಕೆ ಅರ್ಹಳು, ನನ್ನ ಇರವಿಗೆ ಬೇರೆಯವರ ಸಮ್ಮತಿ ಬೇಕಿಲ್ಲ ಎಂಬ ನಂಬಿಕೆ ಎರಡಕ್ಕೂ ಬೇಕು. ದಿನನಿತ್ಯದ ಸಣ್ಣ ಆಯ್ಕೆಯಲ್ಲಿ ಅದನ್ನು ಕಳೆದುಕೊಂಡವಳು ದೊಡ್ಡ ಸಂದರ್ಭದಲ್ಲಿ ಅದನ್ನು ಎಲ್ಲಿಂದ ತರುತ್ತಾಳೆ? ನಮ್ಮ ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗಿದೆ. ಕುರ್ಚಿಯಲ್ಲಿ ಹೆಂಡತಿ, ಮಾತಿನಲ್ಲಿ ಗಂಡ ಎಂಬ ಚಿತ್ರ ಇನ್ನೂ ಅಳಿಸಿಲ್ಲ. ಎಲ್ಲಿಗೆ ಏನು ಉಡಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಮೂವತ್ತು ವರ್ಷ ಬೇರೆಯವರಿಂದ ಹೇಳಿಸಿಕೊಂಡವಳು ಏನು ಮಾತಾಡಬೇಕೆಂಬುದನ್ನೂ ಹೇಳಿಸಿಕೊಳ್ಳುತ್ತಾಳೆ.

ನಮ್ಮ ಬೀದಿಯಲ್ಲಿ ಐವತ್ತೆರಡರ ಒಬ್ಬ ವಿಧವೆ ಇದ್ದಾರೆ. ಇದ್ದತ್ ಮುಗಿದು ವರ್ಷಗಳಾದರೂ ಬಿಳಿಯನ್ನೇ ಉಡುತ್ತಿದ್ದರು. ಯಾರೂ ಹೇಳಿದ್ದಲ್ಲ, ತನಗೇ ಹೀಗೆ ಸಾಕು ಎನ್ನುತ್ತಿದ್ದರು. ಅದು ಅವರ ಇಚ್ಛೆಯೋ, ಇಚ್ಛೆಯ ವೇಷ ತೊಟ್ಟ ಭಯವೋ ಎಂದು ಹೊರಗಿನವರಾದ ನಮಗೆ ತಿಳಿಯುವ ಬಗೆಯಿರಲಿಲ್ಲ. ಸೊಸೆ ಒಂದು ಈದ್‌ಗೆ ಪಾಚಿ ಹಸಿರಿನ ಸೀರೆ ತಂದುಕೊಟ್ಟಳು. ಅತ್ತೆ “ಇರಲಿ ಮಗಳೇ” ಎಂದು ಕಪಾಟಿನಲ್ಲಿಟ್ಟರು. ಮರುವರ್ಷವೂ ಅಲ್ಲೇ ಇತ್ತು. ಸೊಸೆ ಕೇಳಲಿಲ್ಲ, ಒತ್ತಾಯಿಸಲಿಲ್ಲ, ಮಳೆಗಾಲದಲ್ಲಿ ಬೂಸ್ಟು ಹಿಡಿಯಬಾರದೆಂದು ಆಗಾಗ ತೆಗೆದು ಬಿಸಿಲಿಗೆ ಹಾಕಿ ಮತ್ತೆ ಮಡಚಿಡುತ್ತಿದ್ದಳು. ಮೂರನೆಯ ವರ್ಷ ನೆರೆಮನೆಯ ನಿಕಾಹ್‌ಗೆ ಅತ್ತೆ ಅದನ್ನು ಉಟ್ಟು ಬಂದರು. ಹೆಂಗಸರ ಪಂದಿಯಲ್ಲಿ ಯಾರಾದರೂ ಏನಾದರೂ ಅಂದಾರೆಂದು ಸೊಸೆ ಪಕ್ಕದಲ್ಲೇ ಕುಳಿತಿದ್ದಳು. ಎದುರಿನವರೊಬ್ಬರು ಸೆರಗಿನ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿ, “ಎಲ್ಲಿಂದ ತೆಗೆದದ್ದು, ಎಷ್ಟಾಯಿತು?” ಎಂದು ಕೇಳಿದರು.